ವಾಡಿಯ ಗೂಡ್ಸೋ, ಬೀದರ್‌ನ ಡೆಮುವೋ: ಮಾದರಿ ರೈಲಿಗೆ ಸ್ಕೇಲ್ ಆರಿಸುವ ಬಗೆ

ಮಾದರಿ ರೈಲು ಶುರು ಮಾಡಬೇಕು, ಯಾವ ಸ್ಕೇಲ್, ಅಂದರೆ ಯಾವ ಅಳತೆಯದು, ತಗೊಳ್ಳಲಿ ಅಂತ ಕೇಳುವವರಿಗೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ. ಮನೆಯಲ್ಲಿ ಕೂತು ನೀವು ಯಾವ ಗಾಡಿ ನೋಡಬೇಕು ಅಂತಿದ್ದೀರಿ? ವಾಡಿ ಜಂಕ್ಷನ್‌ನಲ್ಲಿ ಎಣಿಸಿ ಮುಗಿಯದಷ್ಟು ವ್ಯಾಗನ್ ಎಳೆದುಕೊಂಡು ಹೋಗುವ ಗೂಡ್ಸ್ ಗಾಡಿಯೇ? ಯಾದಗಿರಿ ದಾಟಿ ಕೃಷ್ಣಾ ಸೇತುವೆ ಕಡೆಗೆ ಓಡುವ ಉದ್ಯಾನ್ ಎಕ್ಸ್‌ಪ್ರೆಸ್ಸೇ? ಅಥವಾ ಕಮಲಾಪುರ, ಹುಮನಾಬಾದ್ ಮೇಲೆ ಬೀದರ್‌ಗೆ ಹೋಗುವ ಡೆಮುವೇ, ಅಂದರೆ ಬೇರೆ ಇಂಜಿನ್ ಇಲ್ಲದ ಡೀಸೆಲ್ ಪ್ಯಾಸೆಂಜರ್ ಗಾಡಿಯೇ? ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ.

ಹೊರದೇಶದ ಮಾರ್ಗದರ್ಶಿಗಳಲ್ಲಿ ಈ ಪ್ರಶ್ನೆ ಬರುವುದು ಕಡಿಮೆ. ಜಗತ್ತಿನಲ್ಲಿ ಹೆಚ್ಚು ಜನ ಬಳಸುವುದು ಎಚ್‌ಓ ಅನ್ನುವ ಸ್ಕೇಲ್, ಅದಾದ ಮೇಲೆ ಅದಕ್ಕಿಂತ ಸಣ್ಣ ಎನ್, ಹಾಗಾಗಿ ಎಚ್‌ಓ ತಗೊಳ್ಳಿ ಅಂತ ಮುಗಿಸುತ್ತವೆ. ಮಾತು ಸುಳ್ಳಲ್ಲ. ಆದರೆ ಅಲ್ಲಿನ ಜನಪ್ರಿಯತೆ ಹುಟ್ಟಿದ್ದು ಅಲ್ಲಿನ ಮನೆಗಳಿಂದ, ಅಲ್ಲಿನ ಹಳಿಗಳಿಂದ, ಅಲ್ಲಿನ ಅಂಗಡಿಗಳಿಂದ. ನಮ್ಮ ಹಳಿಯ ಅಗಲ ಬೇರೆ. ನಮ್ಮ ಗಾಡಿಯ ಉದ್ದ ಬೇರೆ. ಬೇಸಿಗೆಯೂ ಧೂಳೂ ಬೇರೆ. ಅದಕ್ಕೇ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಯಲ್ಲಿ ಕೂತು ಆರಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೊಸಬರಿಗಾಗಿ ಎರಡು ಮಾತು. ಸ್ಕೇಲ್ ಅಂದರೆ ನಿಜವಾದ ಗಾಡಿಯನ್ನು ಎಷ್ಟು ಪಟ್ಟು ಕುಗ್ಗಿಸಿದ್ದೇವೆ ಅನ್ನುವ ಲೆಕ್ಕ. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ. ಎಚ್‌ಓದಲ್ಲಿ ಗಾಡಿ 1:87, ಹಳಿ 16.5 ಮಿ.ಮೀ. ಎನ್‌ನಲ್ಲಿ ಗಾಡಿ 1:160, ಹಳಿ 9 ಮಿ.ಮೀ. ಇವೆರಡರ ನಡುವೆ ಟಿಟಿ, 1:120, ಹಳಿ 12 ಮಿ.ಮೀ. ಎನ್‌ಗಿಂತ ಸಣ್ಣದು ಝಡ್, 1:220, ಹಳಿ 6.5 ಮಿ.ಮೀ. ದೊಡ್ಡದರಲ್ಲಿ ಓ ಇದೆ. ಅದರ ಹಳಿ 32 ಮಿ.ಮೀ., ಸ್ಕೇಲ್ ಅಮೆರಿಕದಲ್ಲಿ 1:48, ಬ್ರಿಟನ್‌ನಲ್ಲಿ 1:43.5, ಜರ್ಮನಿಯಲ್ಲಿ 1:45. ಇನ್ನು ಬ್ರಿಟನ್ನಿನ ಓಓ. ಅದರ ಹಳಿ ಎಚ್‌ಓದ್ದೇ, ಮೇಲೆ ಕೂರುವ ಗಾಡಿ ಮಾತ್ರ 1:76.

ಯಾರ ಕಾಲ ಯಾವಾಗ ಬಂತು, ಯಾಕೆ ಹೋಯಿತು

ಶುರುವಿನಲ್ಲಿ ಎಲ್ಲವೂ ದೊಡ್ಡವೇ ಇದ್ದವು. ಜರ್ಮನಿಯ ಮೆರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಗೇಜ್‌ಗಳಿಗೆ ನಂಬರ್ ಕೊಟ್ಟು ಆಟಿಕೆ ರೈಲು ಮಾರಾಟಕ್ಕಿಟ್ಟಿತು. ಮುಂದೆ 1ನೇ ನಂಬರಿಗಿಂತ ಸಣ್ಣದು ಬಂದಾಗ ಅದಕ್ಕೆ ಸೊನ್ನೆ ಅಂತ ಕರೆದರು. ಅದೇ ಇವತ್ತಿನ ಓ. ಅಮೆರಿಕದಲ್ಲಿ ಲಯನೆಲ್ ಕಂಪನಿಯ ಓ ಗಾಡಿಗಳು ಒಂದು ತಲೆಮಾರಿನ ಮಕ್ಕಳನ್ನು ಪೂರ್ತಿ ಹಿಡಿದಿಟ್ಟಿದ್ದವು.

1935ರಲ್ಲಿ ಟ್ರಿಕ್ಸ್ ಮತ್ತು ಮೆರ್ಕ್ಲಿನ್ ಎರಡೂ ಮೇಜಿನ ಮೇಲೆ ಹಿಡಿಯುವ, ಓದ ಅರ್ಧ ಅಳತೆಯ ರೈಲು ತಂದವು. ಓದ ಅರ್ಧ, ಹಾಫ್ ಓ, ಅಂತಲೇ ಎಚ್‌ಓ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ, ಇದು ಓವನ್ನು ಹಿಂದೆ ಹಾಕಿತು. ಕಾರಣ ಸರಳ. ಅಷ್ಟೇ ಜಾಗದಲ್ಲಿ ಹೆಚ್ಚು ಹಳಿ ಹಾಕಬಹುದಿತ್ತು. ಅಗ್ಗದ ಪ್ಲಾಸ್ಟಿಕ್ ಕಿಟ್‌ಗಳೂ ಬಂದವು. ಆಟಿಕೆ ಸಾಕು ಅನ್ನುತ್ತಿದ್ದವರು ನಿಜವಾದ ರೈಲಿನ ಹಾಗೇ ಕಾಣಬೇಕು ಅನ್ನತೊಡಗಿದರು. ಓ ಮತ್ತು ಎಚ್‌ಓ ನಡುವೆ 1:64ರ ಎಸ್ ಸ್ಕೇಲ್ ಇತ್ತು. ನೋಡಲು ಚೆಂದದ ಅಳತೆ. ಅದನ್ನು ಅಮೆರಿಕನ್ ಫ್ಲೈಯರ್ ಹೆಸರಲ್ಲಿ ಮಾರುತ್ತಿದ್ದ ಗಿಲ್ಬರ್ಟ್ ಕಂಪನಿ 1967ರಲ್ಲಿ ಬಾಗಿಲು ಹಾಕಿತು. ಸ್ಕೇಲ್ ಎಷ್ಟು ಚೆನ್ನಾಗಿದ್ದರೂ ಅದನ್ನು ಹೊತ್ತುಕೊಂಡ ಕಂಪನಿ ಬಿದ್ದರೆ ಅದೂ ಸೊರಗುತ್ತದೆ.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಅಲ್ಲಿನ ನಿಜವಾದ ಇಂಜಿನ್‌ಗಳೇ ಸಣ್ಣವು. ಅವನ್ನು 1:87ಕ್ಕೆ ಕುಗ್ಗಿಸಿದರೆ ಆ ಕಾಲದ ಮೋಟಾರ್ ಒಳಗೆ ಹಿಡಿಯುತ್ತಿರಲಿಲ್ಲ. ಹಳಿ ಹಾಗೇ ಬಿಟ್ಟು ಗಾಡಿಯನ್ನು ಸ್ವಲ್ಪ ದೊಡ್ಡದು ಮಾಡಿದರು. ಹಾಗೆ ಓಓ ಹುಟ್ಟಿತು, ಇವತ್ತಿಗೂ ಬ್ರಿಟನ್‌ನಲ್ಲಿ ಅದರದೇ ಕಾರುಬಾರು. ಮೋಟಾರ್ ಎಂದೋ ಸಣ್ಣದಾಯಿತು, ಆದರೆ ಮನೆ ಮನೆಯಲ್ಲಿ ಕೂತ ಗಾಡಿಗಳನ್ನು ಬದಲಿಸುವವರು ಯಾರು?

1960ರ ದಶಕದ ಆರಂಭದಲ್ಲಿ ನ್ಯೂರೆಂಬರ್ಗ್‌ನ ಆರ್ನಾಲ್ಡ್ ಕಂಪನಿ 9 ಮಿ.ಮೀ. ಹಳಿಯ ಗಾಡಿ ತಂದಿತು. ಅದೇ ಎನ್. 1965ರಲ್ಲಿ ಜಪಾನಿನ ಕಾಟೋ ತನ್ನ ಮೊದಲ ಎನ್ ಇಂಜಿನ್ ಮಾಡಿತು. ಜಪಾನಿನ ಮನೆಗಳು ಇಕ್ಕಟ್ಟು. ಅಲ್ಲಿ ಎನ್ ಎಷ್ಟು ಬೇಗ ಬೇರೂರಿತೆಂದರೆ ಇವತ್ತು ಆ ದೇಶದಲ್ಲಿ ಮಾದರಿ ರೈಲು ಅಂದರೆ ಹೆಚ್ಚು ಕಡಿಮೆ ಎನ್ ಅಂತಲೇ.

ಇದರಲ್ಲಿ ಪೆಟ್ಟು ತಿಂದದ್ದು ಟಿಟಿ. ಅದು ಅಮೆರಿಕದಲ್ಲಿ 1940ರ ದಶಕದಲ್ಲೇ ಹುಟ್ಟಿತ್ತು. ಎನ್ ಬಂದ ಮೇಲೆ ಅಲ್ಲಿ ಅದನ್ನು ಕೇಳುವವರಿಲ್ಲದ ಹಾಗಾಯಿತು. ಆದರೆ ಪೂರ್ವ ಜರ್ಮನಿಯಲ್ಲಿ ಅದು ಉಳಿಯಿತು. ಸಣ್ಣ ಫ್ಲ್ಯಾಟ್‌ಗಳಿಗೆ ಹೊಂದುತ್ತಿತ್ತು, ಕಾರ್ಖಾನೆಯೂ ಬರ್ಲಿನ್‌ನಲ್ಲೇ ಇತ್ತು. ಎರಡು ಜರ್ಮನಿ ಒಂದಾದ ಮೇಲೆ ಟಿಲ್ಲಿಗ್ ಕಂಪನಿ ಅದನ್ನು ಮುಂದುವರಿಸಿತು. 2022ರಲ್ಲಿ ಹಾರ್ನ್‌ಬಿ ಮತ್ತು ಪೀಕೋ ಕಂಪನಿಗಳು ಬ್ರಿಟನ್‌ನಲ್ಲಿ 1:120ರ ಗಾಡಿ, ಹಳಿ ತಂದವು. ಸತ್ತೇ ಹೋಯಿತು ಅಂದುಕೊಂಡಿದ್ದ ಅಳತೆ ಹೀಗೆ ಮತ್ತೆ ಎದ್ದು ಬಂತು.

ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಸ್ಕೇಲ್‌ಗಳ ಏರಿಳಿತದಲ್ಲಿ ಮತ್ತೆ ಮತ್ತೆ ಕಾಣುವುದು ಎರಡೇ ಸಂಗತಿ: ಮನೆಯಲ್ಲಿ ಜಾಗ ಎಷ್ಟಿದೆ, ತಮ್ಮ ದೇಶದ ಗಾಡಿ ಯಾವ ಅಳತೆಯಲ್ಲಿ ಸಿಗುತ್ತದೆ. ಇವೆರಡನ್ನೇ ಈಗ ನಮ್ಮ ಮನೆಗೆ ಹಚ್ಚಿ ನೋಡೋಣ.

ಹಳಿಯ ಅಗಲದ ತಕರಾರು

ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಯುರೋಪ್, ಅಮೆರಿಕದ ಸ್ಟ್ಯಾಂಡರ್ಡ್ ಗೇಜ್ 1435 ಮಿ.ಮೀ. ಎಚ್‌ಓ ಹಳಿ ಲೆಕ್ಕ ಹಾಕಿದ್ದು ಆ 1435ಕ್ಕೆ. ನಮ್ಮ ಹಳಿಯನ್ನು ನಿಜವಾಗಿ 1:87ಕ್ಕೆ ಕುಗ್ಗಿಸಿದರೆ 19.3 ಮಿ.ಮೀ. ಬರಬೇಕು. ಸಿಗುವುದು 16.5. ಅಂದರೆ ಸುಮಾರು 3 ಮಿ.ಮೀ. ಕಮ್ಮಿ. ಗಾಡಿಯನ್ನು ಎದುರಿನಿಂದ ನೋಡಿದರೆ ಗೊತ್ತಾಗುತ್ತದೆ. ಮೇಲೆ ಅಗಲವಾದ ಬೋಗಿ, ಕೆಳಗೆ ಕಾಲು ಕೂಡಿಸಿ ನಿಂತಂಥ ಗಾಲಿ. ಓಓದಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ ನಮ್ಮ ಹಳಿ 22 ಮಿ.ಮೀ. ಇರಬೇಕಿತ್ತು. ಎನ್‌ನಲ್ಲಿ ಬೇಕಾದದ್ದು 10.5, ಇರುವುದು 9. ಒಂದೂವರೆ ಮಿ.ಮೀ. ವ್ಯತ್ಯಾಸವನ್ನು ಎರಡಡಿ ದೂರದಿಂದ ಕಣ್ಣು ಹಿಡಿಯುವುದಿಲ್ಲ.

ಇದೇ ಕಾರಣಕ್ಕೆ ಭಾರತದ ರೈಲಿನ ಮಾದರಿಯೇ ಬೇಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜಪಾನಿನ ಹಳೆಯ ಮಾರ್ಗಗಳು 1067 ಮಿ.ಮೀ. ಗೇಜ್‌ನವು. ಅವರು ಆ ಗಾಡಿಗಳನ್ನು 1:150ಕ್ಕೆ ಮಾಡಿ ಅದೇ 9 ಮಿ.ಮೀ. ಹಳಿ ಮೇಲೆ ಓಡಿಸುತ್ತಾರೆ. ಅಲ್ಲಿ ಹಳಿ ಇರಬೇಕಾದ್ದಕ್ಕಿಂತ ಅಗಲ, ನಮ್ಮಲ್ಲಿ ಕಿರಿದು. ಅಷ್ಟು ಕರಾರುವಾಕ್ಕಾದ ಜನವೇ ಇದನ್ನು ಒಪ್ಪಿಕೊಂಡು ದಶಕಗಳಿಂದ ಖುಷಿಯಾಗಿದ್ದಾರೆ. ನಾವೂ ಇರಬಹುದು.

ಎಲ್ಲವನ್ನೂ ಕೈಯಾರೆ ಮಾಡುವ ಹಟ ಇರುವವರಿಗೆ ಒಂದು ದಾರಿ ಇದೆ. ಎಚ್‌ಓದ 16.5 ಮಿ.ಮೀ. ಹಳಿ ತಗೊಂಡು ಗಾಡಿಯನ್ನು 1:100ಕ್ಕೆ ಮಾಡಿ. ಆಗ ಹಳಿ 1650 ಮಿ.ಮೀ.ಗೆ ಸಮ. ನಮ್ಮ 1676ಕ್ಕೆ ತೀರಾ ಹತ್ತಿರ. ಲೆಕ್ಕವೂ ಸುಲಭ, 1 ಮೀಟರ್ ಅಂದರೆ 1 ಸೆಂ.ಮೀ. ಆದರೆ ಅಂಗಡಿಯಲ್ಲಿ ಸಿದ್ಧ ಬೋಗಿ ಸಿಗುವುದಿಲ್ಲ. ಕಾರ್ಡ್‌ಬೋರ್ಡ್, ಪ್ಲಾಸ್ಟಿಕ್ ಶೀಟ್, ತ್ರೀಡಿ ಪ್ರಿಂಟರ್, ಇವುಗಳ ಜೊತೆ ಬದುಕಬೇಕು. ಅಷ್ಟು ತಾಳ್ಮೆ ಇರುವವರು ಇದನ್ನು ಮಾಡಿದರೆ ನೋಡಲು ನನಗಂತೂ ಬಹಳ ಆಸೆ.

ಮೀಟರ್ ಗೇಜ್ ನೆನಪು ಇಟ್ಟುಕೊಂಡವರ ಸಮಸ್ಯೆ ಇದಕ್ಕಿಂತ ಸುಲಭ. ಪಕ್ಕದ ವಿಜಯಪುರದ ಮೇಲೆ ಹೋಗುವ ಗದಗ–ಸೋಲಾಪುರ ಮಾರ್ಗ ಬಹಳ ಕಾಲ ಮೀಟರ್ ಗೇಜ್ ಆಗಿತ್ತು. ಅದನ್ನು ಮಾಡಬೇಕಿದ್ದರೆ 1:87ರ ಗಾಡಿಗೆ ಟಿಟಿಯ 12 ಮಿ.ಮೀ. ಹಳಿ ಹೊಂದುತ್ತದೆ. ಎಚ್‌ಓಎಂ ಅಂತ ಅದಕ್ಕೆ ಹೆಸರೇ ಇದೆ. 1:160ರ ಗಾಡಿಗೆ ಝಡ್ ಹಳಿ ಸರಿಹೋಗುತ್ತದೆ.

ಟೇಪ್ ಹಿಡಿದು ಕೋಣೆ ಅಳೆಯಿರಿ

ಇದು ನಿಜವಾಗಿ ನಿರ್ಧಾರ ಆಗುವ ಜಾಗ. ಅವಸರ ಬೇಡ.

ಎಕ್ಸ್‌ಪ್ರೆಸ್ ಗಾಡಿಗಳಿಗೆ ಈಗ ಹಾಕುವ ಹೊಸ ಬಗೆಯ ಬೋಗಿ, ಎಲ್‌ಎಚ್‌ಬಿ, ಸುಮಾರು 24 ಮೀಟರ್ ಉದ್ದ. ಎಚ್‌ಓದಲ್ಲಿ ಅದು 27–28 ಸೆಂ.ಮೀ., ಟಿಟಿಯಲ್ಲಿ 20, ಎನ್‌ನಲ್ಲಿ 15. 22 ಬೋಗಿಗಳ ಒಂದು ಎಕ್ಸ್‌ಪ್ರೆಸ್‌ಗೆ ಮುಂದೊಂದು ಇಂಜಿನ್ ಹಚ್ಚಿ ಲೆಕ್ಕ ಹಾಕಿ. ನಿಜದಲ್ಲಿ 550 ಮೀಟರ್ ಹತ್ತಿರ. ಎಚ್‌ಓದಲ್ಲಿ 6.3 ಮೀಟರ್. ಟಿಟಿಯಲ್ಲಿ 4.6. ಎನ್‌ನಲ್ಲಿ 3.4. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವ 10 ಅಡಿ, 12 ಅಡಿ ಕೋಣೆಯ ಉದ್ದನೆ ಗೋಡೆ 3.65 ಮೀಟರ್. ಎಚ್‌ಓದಲ್ಲಿ ಪೂರ್ತಿ ಎಕ್ಸ್‌ಪ್ರೆಸ್ ಇಟ್ಟರೆ ಅದರ ಇಂಜಿನ್ ಪಕ್ಕದ ಕೋಣೆಯಲ್ಲಿರುತ್ತದೆ.

ಗೂಡ್ಸ್ ಇನ್ನೂ ಉದ್ದ. ಭಾರತೀಯ ರೈಲ್ವೆಯ ಸ್ಟೇಷನ್‌ಗಳಲ್ಲಿ ಲೂಪ್ ಲೈನ್, ಅಂದರೆ ಒಂದು ಗಾಡಿ ಪಕ್ಕಕ್ಕೆ ನಿಂತು ಇನ್ನೊಂದಕ್ಕೆ ದಾರಿ ಬಿಡುವ ಹಳಿ, 686 ಮೀಟರ್ ಇರಬೇಕು ಅನ್ನುವುದು ಮಾಮೂಲು ಅಳತೆ. ಅದನ್ನು ಎಚ್‌ಓಗೆ ಇಳಿಸಿದರೆ ಸುಮಾರು 7.9 ಮೀಟರ್, ಎನ್‌ಗೆ ಇಳಿಸಿದರೆ 4.3. ವಾಡಿ ಮಾಡಬೇಕು ಅನ್ನುವವರು ಈ ಅಂಕಿಯನ್ನು ಮರೆಯಬಾರದು. 1874ರಲ್ಲಿ ನಿಜಾಮರ ರೈಲು ಮಾರ್ಗ ಹೈದರಾಬಾದ್ ಕಡೆಯಿಂದ ಬಂದು ಮುಂಬೈ–ರಾಯಚೂರು ಮಾರ್ಗಕ್ಕೆ ಕೂಡಿದ್ದು ಅಲ್ಲೇ. ಇವತ್ತೂ ಅಲ್ಲಿ ನೋಡುವ ಸೊಗಸು ಅಂದರೆ ಉದ್ದ, ಸಾಲು ಸಾಲು ಹಳಿ, ಸಿಮೆಂಟ್ ವ್ಯಾಗನ್. ಅದನ್ನು ಎಂಟು ವ್ಯಾಗನ್‌ಗೆ ಕತ್ತರಿಸಿದರೆ ವಾಡಿ ವಾಡಿಯಾಗಿ ಉಳಿಯುವುದಿಲ್ಲ. ಹಾಗಾಗಿ ವಾಡಿ, ರಾಯಚೂರು ಕಡೆಯ ಮುಖ್ಯ ಮಾರ್ಗ, ಕೃಷ್ಣಾ ಸೇತುವೆ, ಇವೆಲ್ಲ ಎನ್‌ಗೆ ಹೇಳಿ ಮಾಡಿಸಿದ್ದು.

ಬೀದರ್ ಮಾರ್ಗದ ಕಥೆಯೇ ಬೇರೆ. ಕಲಬುರಗಿ–ಬೀದರ್ ಹೊಸ ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆ ಆಯಿತು. ಸುಮಾರು 110 ಕಿ.ಮೀ., ಒಂಟಿ ಹಳಿ, ಸಣ್ಣ ಸ್ಟೇಷನ್‌ಗಳು, ಮರಗುತ್ತಿ ಹತ್ತಿರ ಗುಡ್ಡ ಕೊರೆದ ಸುರಂಗ. ಡೆಮು ಬೋಗಿ ಒಂದು 21 ಮೀಟರ್ ಅಂತ ಹಿಡಿದರೂ 8 ಬೋಗಿಯ ಗಾಡಿ ಎಚ್‌ಓದಲ್ಲಿ 2 ಮೀಟರ್ ಒಳಗೆ ಮುಗಿಯುತ್ತದೆ. ಒಂದು ಗೋಡೆಗೆ ಅಂಟಿಸಿದ ಹಲಗೆ ಮೇಲೆ ಕಮಲಾಪುರದಂಥ ಒಂದು ಸ್ಟೇಷನ್, ಒಂದು ಲೂಪ್, ಕೊನೆಗೆ ಸುರಂಗದ ಬಾಯಿ. ಏನನ್ನೂ ಕತ್ತರಿಸದೆ ಮಾಡಬಹುದು.

ಎಕ್ಸ್‌ಪ್ರೆಸ್ಸೇ ಬೇಕು, ಎಚ್‌ಓನೇ ಬೇಕು ಅನ್ನುವವರಿಗೂ ಈಗೊಂದು ದಾರಿ ಸಿಕ್ಕಿದೆ. 2024ರ ಮಾರ್ಚ್‌ನಲ್ಲಿ ಕಲಬುರಗಿ–ಬೆಂಗಳೂರು ವಂದೇ ಭಾರತ್ ಶುರುವಾಯಿತು. 8 ಬೋಗಿಗಳ ವಂದೇ ಭಾರತ್ ಎಚ್‌ಓದಲ್ಲಿ 2.2 ಮೀಟರ್. ಪೂರ್ತಿ ಗಾಡಿಯನ್ನೇ ಓಡಿಸಬಹುದು, ಅರ್ಧ ಮಾಡಿದೆವು ಅನ್ನುವ ಕೊರಗು ಇರುವುದಿಲ್ಲ.

ಉದ್ದದ ಮಾತಾಯಿತು. ಜನ ಮರೆಯುವುದು ತಿರುವನ್ನು. ಡಬ್ಬಿಯ ಮೇಲೆ ಎಚ್‌ಓಗೆ 18 ಇಂಚು ತ್ರಿಜ್ಯ ಸಾಕು ಅಂತ ಇರುತ್ತದೆ. ಸಣ್ಣ ಇಂಜಿನ್, ಸಣ್ಣ ವ್ಯಾಗನ್‌ಗೆ ಸಾಕು ಕೂಡ. ನಮ್ಮ ಉದ್ದನೆ ಬೋಗಿ ಅದರಲ್ಲಿ ತಿರುಗುವಾಗ ನಡು ಒಳಗೆ ಬಾಗುತ್ತದೆ, ಮೂಲೆ ಹೊರಗೆ ಚಾಚುತ್ತದೆ, ಪಕ್ಕದ ಹಳಿಯ ಗಾಡಿಗೆ ತಾಗುತ್ತದೆ. ಅನುಭವಸ್ಥರು ಪಾಲಿಸುವ ಒಂದು ಲೆಕ್ಕ ಹೇಳುತ್ತೇನೆ. ತಿರುವಿನ ತ್ರಿಜ್ಯ ನಿಮ್ಮ ಅತಿ ಉದ್ದದ ಬೋಗಿಯ ಮೂರು ಪಟ್ಟಾದರೂ ಇರಲಿ. ಎಲ್‌ಎಚ್‌ಬಿ ಬೋಗಿಗೆ ಎಚ್‌ಓದಲ್ಲಿ ಅದು 80 ಸೆಂ.ಮೀ. ಮೇಲೆ ಬರುತ್ತದೆ. ಗಾಡಿ ತಿರುಗಿ ಬರಲು ಹಲಗೆ ಹತ್ತಿರ ಹತ್ತಿರ 1.75 ಮೀಟರ್ ಅಗಲ ಬೇಕು. ಎನ್‌ನಲ್ಲಿ ತ್ರಿಜ್ಯ 45 ಸೆಂ.ಮೀ., ಹಲಗೆ 1 ಮೀಟರ್. ಟಿಟಿಯಲ್ಲಿ 60, ಹಲಗೆ 1.3 ಮೀಟರ್.

ಇನ್ನೊಂದು ಅಳತೆ ನಿಮ್ಮ ತೋಳಿನದು. ಹಲಗೆಯ ಅಂಚಿನಿಂದ ಎರಡೂವರೆ ಅಡಿ ಆಚೆ ಗಾಡಿ ಹಳಿ ತಪ್ಪಿದರೆ ಕೈ ಆರಾಮಾಗಿ ಮುಟ್ಟುವುದಿಲ್ಲ. ಅಂದರೆ 1.75 ಮೀಟರ್ ಹಲಗೆಯನ್ನು ಗೋಡೆಗೆ ಒತ್ತಿ ಇಡುವ ಹಾಗಿಲ್ಲ, ಎರಡೂ ಕಡೆ ಓಡಾಡಲು ಜಾಗ ಬಿಡಬೇಕು. 10 ಅಡಿ ಅಗಲದ ಕೋಣೆ ಅಲ್ಲಿಗೆ ಮುಗಿಯಿತು. ಎಚ್‌ಓದಲ್ಲಿ ಒಂದು ಸುತ್ತು ಹಾಕಿಸುವ ಬದಲು ಗೋಡೆ ಉದ್ದಕ್ಕೂ ಸ್ಟೇಷನ್ ಮಾಡಿ ಆಚೆ ಈಚೆ ಓಡಿಸಿ ಅಂತ ನಾನು ಹೇಳುವುದು ಇದಕ್ಕೇ.

ಬಾಡಿಗೆ ಮನೆಯಲ್ಲಿರುವವರಿಗೆ ಎನ್ ಇನ್ನೊಂದು ರೀತಿಯಲ್ಲೂ ಅನುಕೂಲ. ಕಾಟೋ ಕಂಪನಿಯ ಯೂನಿಟ್ರ್ಯಾಕ್‌ನಂಥ ಹಳಿಗೆ ಅಡಿಯಲ್ಲೇ ಜಲ್ಲಿ ಆಕಾರದ ಪ್ಲಾಸ್ಟಿಕ್ ಇರುತ್ತದೆ. ಒಂದಕ್ಕೊಂದು ಒತ್ತಿದರೆ ಕೂಡಿಕೊಳ್ಳುತ್ತದೆ. ಭಾನುವಾರ ಶಹಾಬಾದ್ ಕಲ್ಲಿನ ನೆಲದ ಮೇಲೆ ಹಾಸಿ ಓಡಿಸಿ, ಸಂಜೆ ತೆಗೆದು ಡಬ್ಬಿಗೆ ಹಾಕಬಹುದು. ಓಡಿಸುವ ಮುಂಚೆ ನೆಲ ಒರೆಸಲೇಬೇಕು. ಕೂದಲು, ದಾರದ ಎಳೆ ಗಾಲಿಗೆ ಸುತ್ತಿಕೊಂಡರೆ ಸಣ್ಣ ಇಂಜಿನ್ ಬೇಗ ಕೆಡುತ್ತದೆ.

ಧೂಳು, ಬಿಸಿಲು, ಕಣ್ಣು

ಇಲ್ಲಿ ಎಚ್‌ಓ ಗೆಲ್ಲುತ್ತದೆ. ಮಾದರಿ ಇಂಜಿನ್‌ಗೆ ಕರೆಂಟ್ ಬರುವುದು ಹಳಿಯಿಂದ ಗಾಲಿಯ ಮೂಲಕ. ಭಾರದ ಇಂಜಿನ್ ಹಳಿಗೆ ಚೆನ್ನಾಗಿ ಒತ್ತಿ ಕೂರುತ್ತದೆ, ಸ್ವಲ್ಪ ಧೂಳಿದ್ದರೂ ಎಳೆದುಕೊಂಡು ಹೋಗುತ್ತದೆ. ಎನ್ ಇಂಜಿನ್ ಹಗುರ. ಅದೇ ಧೂಳಿಗೆ ಮಿಣುಕಿ ನಿಂತುಬಿಡುತ್ತದೆ. ಝಡ್ ಇನ್ನೂ ಸೂಕ್ಷ್ಮ. ತೊಗರಿ ಕಟಾವಿನ ಕಾಲದಲ್ಲಿ, ಆಮೇಲೆ ಬೇಸಿಗೆ ಗಾಳಿಯಲ್ಲಿ, ನಮ್ಮಲ್ಲಿ ಕಿಟಕಿ ತೆರೆದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ, ಅಲ್ವಾ? ಎನ್ ತಗೊಳ್ಳುವವರು ಹಲಗೆಗೆ ಮುಚ್ಚಳ ಮಾಡಿಸಿಕೊಳ್ಳಿ. ಹಳೆಯ ಕಾಟನ್ ಸೀರೆ ಬೇಡ, ಅದರ ಎಳೆಯೇ ಹಳಿ ಮೇಲೆ ಬೀಳುತ್ತದೆ. ಪ್ಲಾಸ್ಟಿಕ್ ಹಾಳೆ ಒಳ್ಳೆಯದು. ಹಳಿ ಒರೆಸಲು ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಮರಳು ಕಾಗದ ಹಚ್ಚಬೇಡಿ. ಗೀರು ಬಿದ್ದ ಜಾಗದಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ಯಾವ ಸ್ಕೇಲ್ ಆದರೂ ನಿಕಲ್ ಸಿಲ್ವರ್ ಹಳಿ ತಗೊಳ್ಳಿ. ಉಕ್ಕಿನದು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯದು ಕಪ್ಪಾಗುತ್ತದೆ.

ಬಿಸಿಲಿನ ಲೆಕ್ಕವೂ ಇದೆ. ಜನವರಿಯ ಬೆಳಗಿಗೂ ಮೇ ತಿಂಗಳ ಮಧ್ಯಾಹ್ನಕ್ಕೂ ನಮ್ಮಲ್ಲಿ 30 ಡಿಗ್ರಿ ವ್ಯತ್ಯಾಸ ಸುಲಭವಾಗಿ ಆಗುತ್ತದೆ. 3 ಮೀಟರ್ ಹಳಿ ಅಷ್ಟಕ್ಕೆ ಸುಮಾರು ಒಂದೂವರೆ ಮಿ.ಮೀ. ಬೆಳೆಯುತ್ತದೆ. ಚಳಿಗಾಲದಲ್ಲಿ ಹಳಿ ಹಾಸಿದರೆ ಕೀಲುಗಳಲ್ಲಿ ಸಂದು ಬಿಡಿ. ಬಿಡದಿದ್ದರೆ ಏಪ್ರಿಲ್‌ನಲ್ಲಿ ಹಳಿ ಪಕ್ಕಕ್ಕೆ ಡೊಂಕಾಗುತ್ತದೆ. ಮಾಳಿಗೆ ಮೇಲಿನ ಕೋಣೆ ಖಾಲಿ ಇದೆ ಅಂತ ಅಲ್ಲಿ ಕಟ್ಟುವ ಆಸೆ ಎಲ್ಲರಿಗೂ ಇರುತ್ತದೆ. ಸ್ಲ್ಯಾಬ್ ಕಾದ ಕೋಣೆಯಲ್ಲಿ ಅಂಟು ಬಿಡುತ್ತದೆ, ಪ್ಲೈವುಡ್ ಬಾಗುತ್ತದೆ, ತೆಳ್ಳನೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಕೆಳಗಿನ ಮನೆಯಲ್ಲಿ ಒಂದು ಗೋಡೆ ಸಿಕ್ಕಿದರೂ ಅದೇ ಮೇಲು.

ಕಣ್ಣಿನ ಮಾತನ್ನು ನಾಚಿಕೆಯಿಲ್ಲದೆ ಆಡಬೇಕು. ಎನ್ ಬೋಗಿಯನ್ನು ಕೈಗೆ ಕೊಟ್ಟರೆ ಹಿರಿಯರು "ಇಷ್ಟ್ ಸಣ್ಣದೇನ್ರೀ, ಕಣ್ಣಿಗೇ ಕಾಣ್ಸಂಗಿಲ್ಲಲ್ರೀ" ಅನ್ನುತ್ತಾರೆ. ಅದರ ಗಾಲಿಯನ್ನು ಹಳಿ ಮೇಲೆ ಕೂರಿಸುವುದು, ಕೊಂಡಿ ಸರಿಮಾಡುವುದು 50 ದಾಟಿದವರಿಗೆ ಕನ್ನಡಕ ಇದ್ದರೂ ಕಷ್ಟ. ಎಂಟು ಹತ್ತು ವರ್ಷದ ಮಕ್ಕಳ ಕೈಗೂ ಎಚ್‌ಓ ಒಳ್ಳೆಯದು. ಮನೆಯಲ್ಲಿ ಅಜ್ಜ, ಮೊಮ್ಮಗಳು ಇಬ್ಬರೂ ಸೇರಿ ಓಡಿಸುವ ಆಸೆ ಇದ್ದರೆ ಬೇರೆ ಯೋಚನೆಯೇ ಬೇಡ, ಎಚ್‌ಓ ತಗೊಳ್ಳಿ.

ಉಳಿದವರ ಬಗ್ಗೆ ಚಿಕ್ಕದಾಗಿ

ಟಿಟಿ ನಮ್ಮ ಕೋಣೆಗೆ ಅಳತೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ಹಿಡಿಯಲು ಎನ್‌ಗಿಂತ ಸುಲಭ, ಜಾಗಕ್ಕೆ ಎಚ್‌ಓಗಿಂತ ಕಮ್ಮಿ. ಆದರೆ ಸಿಗುವುದು ಜರ್ಮನಿ, ಪೂರ್ವ ಯುರೋಪ್, ಈಗ ಬ್ರಿಟನ್ನಿನ ಗಾಡಿಗಳು. ನಮ್ಮ ಗಾಡಿಗಳನ್ನು ನೀವೇ ಮಾಡಿಕೊಳ್ಳಬೇಕು. ಜರ್ಮನಿಯ ರೈಲೇ ಇಷ್ಟ ಅನ್ನುವವರು ಧೈರ್ಯವಾಗಿ ತಗೊಳ್ಳಿ.

ಓಓ ತಗೊಳ್ಳಲು ಒಂದೇ ಕಾರಣ, ಬ್ರಿಟನ್ನಿನ ರೈಲಿನ ಮೇಲಿನ ಪ್ರೀತಿ. ಹಳಿ ಎಚ್‌ಓದ್ದೇ ಆದ್ದರಿಂದ ಮುಂದೆ ಮನಸ್ಸು ಬದಲಾದರೂ ಹಳಿ, ಹಳಿಗೆ ಕರೆಂಟ್ ಕೊಟ್ಟು ಗಾಡಿ ಓಡಿಸುವ ಕಂಟ್ರೋಲರ್ ದಂಡವಾಗುವುದಿಲ್ಲ. ಝಡ್ ಅನ್ನು ಮೆರ್ಕ್ಲಿನ್ 1972ರಲ್ಲಿ ತಂದಿತು. ಸೂಟ್‌ಕೇಸ್ ಒಳಗೆ ಊರು ಕಟ್ಟುವಷ್ಟು ಸಣ್ಣದು. ನಮ್ಮ ಧೂಳಿಗೆ ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಓ ಸ್ಕೇಲಿನಲ್ಲಿ ಒಂದು ಎಲ್‌ಎಚ್‌ಬಿ ಬೋಗಿಯೇ ಅರ್ಧ ಮೀಟರ್ ದಾಟುತ್ತದೆ. ಇಂಜಿನ್ ಕೈಯಾರೆ ಮಾಡಿ ಶೋಕೇಸ್‌ನಲ್ಲಿ ಇಡುವವರಿಗೆ ಅದು ಚೆಂದ. ತೋಟದಲ್ಲಿ ಓಡಿಸುವ ಜಿ ಸ್ಕೇಲ್ ಗಾಡಿಗಳನ್ನು ಎಲ್‌ಜಿಬಿ 1968ರಲ್ಲಿ ಶುರು ಮಾಡಿತು. ಅದರ 45 ಮಿ.ಮೀ. ಹಳಿ 1:22.5ರಲ್ಲಿ ಸರಿಯಾಗಿ ಮೀಟರ್ ಗೇಜ್ ಆಗುತ್ತದೆ. ಅಂಗಳ ಇರುವ ಮನೆಯವರಿಗೆ ಆಸೆ ಹುಟ್ಟಬಹುದು. ಆದರೆ ಬೆಲೆ ದೊಡ್ಡದು, ನಮ್ಮ ಬಿಸಿಲು ಪ್ಲಾಸ್ಟಿಕ್ಕನ್ನು ಬಹಳ ದಿನ ಬಾಳಿಸುವುದಿಲ್ಲ.

ದುಡ್ಡು ಕೊಡುವ ಮುಂಚೆ

ಸಣ್ಣ ಸ್ಕೇಲ್ ಅಂದರೆ ಅಗ್ಗ ಅಂತ ತಿಳಿಯಬೇಡಿ. ಒಳ್ಳೆಯ ಎನ್ ಇಂಜಿನ್ ಬೆಲೆ ಎಚ್‌ಓ ಇಂಜಿನ್ ಹತ್ತಿರವೇ ಇರುತ್ತದೆ. ಜೊತೆಗೆ ಎನ್‌ನಲ್ಲಿ ಉದ್ದ ಗಾಡಿ ಮಾಡುವ ಆಸೆ ಆಗುವುದರಿಂದ ಬೋಗಿಗಳ ಲೆಕ್ಕ ಬೆಳೆಯುತ್ತಾ ಹೋಗುತ್ತದೆ.

ಹೊರಗಿನಿಂದ ತರಿಸುವವರು ಸುಂಕ ಲೆಕ್ಕಕ್ಕೆ ಹಿಡಿಯಿರಿ. ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. ಸ್ಕೇಲ್ ಮಾದರಿಗಳೂ ಆಟಿಕೆಗಳ ಸಾಲಿನಲ್ಲೇ ಬರುತ್ತವೆ. ಆರ್ಡರ್ ಹಾಕುವ ದಿನ ಎಷ್ಟಿದೆ ಅಂತ ಮಾರುವವರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ. ಎಚ್‌ಓಗೆ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ. ಭಾರತದ ಹವ್ಯಾಸಿಗಳಲ್ಲಿ ಹೆಚ್ಚಿನವರು ಆ ಹಳಿಯವರೇ. ಆಟಿಕೆ ಅಂಗಡಿಯ ಪ್ಲಾಸ್ಟಿಕ್ ಬೋಗಿಗೆ ಎಚ್‌ಓ ಗಾಲಿ ಹಾಕಿ ಓಡಿಸುವವರಿದ್ದಾರೆ. ಏನಾದರೂ ಕೆಟ್ಟರೆ ಕೇಳಲು ಜನ ಸಿಗುತ್ತಾರೆ.

ಅಮೆರಿಕದಲ್ಲಿರುವ ಮಗನೋ ತಂಗಿಯೋ ಸೆಟ್ ತರುತ್ತೇನೆ ಅಂದರೆ ಕಂಟ್ರೋಲರ್ ಅಲ್ಲಿಂದ ಬೇಡ ಅನ್ನಿ. ಅದು 120 ವೋಲ್ಟ್‌ನದು. ನಮ್ಮ 230 ವೋಲ್ಟ್ ಸಾಕೆಟ್‌ಗೆ ಹಾಕಿದರೆ ಸುಟ್ಟುಹೋಗುತ್ತದೆ. ಅಡಾಪ್ಟರ್ ಮೇಲೆ 100–240 ಅಂತ ಬರೆದಿದ್ದರೆ ಮಾತ್ರ ತನ್ನಿ. ಜರ್ಮನಿಯಿಂದ ಬರುವವರು ಮೆರ್ಕ್ಲಿನ್ ಎಚ್‌ಓ ತಂದರೆ ಅದು ಬೇರೆ ಬಗೆ ಅಂತ ಗೊತ್ತಿರಲಿ. ಅದರ ಹಳಿಯ ನಡುವೆ ಕರೆಂಟ್ ಕೊಡುವ ಸಣ್ಣ ಮೊಳೆಗಳ ಸಾಲು ಇರುತ್ತದೆ. ಆ ಗಾಡಿ ಉಳಿದ ಕಂಪನಿಗಳ ಎರಡು ಹಳಿಯ ವ್ಯವಸ್ಥೆಯಲ್ಲಿ ಓಡುವುದಿಲ್ಲ, ಅಳತೆ ಒಂದೇ ಇದ್ದರೂ.

ದುಡ್ಡು ಹಾಕುವ ಮುಂಚೆ ಒಮ್ಮೆ ಪುಣೆಗೆ ಹೋಗಿ ಬನ್ನಿ. ಕಲಬುರಗಿಯಿಂದ ನೇರ ಗಾಡಿಗಳಿವೆ. ಕೋಥರೂಡ್‌ನಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ 1998ರಿಂದ ಇದೆ. ಅಲ್ಲಿ ಓಡುವುದು 1:87. ಎಚ್‌ಓ ಗಾಡಿ ಕಣ್ಣಿಗೆ ಎಷ್ಟು ದೊಡ್ಡದು, ತಿರುವಿಗೆ ಎಷ್ಟು ಜಾಗ ನುಂಗುತ್ತದೆ ಅನ್ನುವುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ವಾಪಸ್ ಬಂದ ಮೇಲೆ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ತಿರುವು ಬರೆಯಿರಿ. ಒಂದು 80 ಸೆಂ.ಮೀ. ತ್ರಿಜ್ಯದ್ದು, ಒಂದು 45ರದ್ದು. ಬಾಗಿಲು ತೆರೆಯುತ್ತದೆಯೇ, ಅಲ್ಮಾರಿ ಅಡ್ಡ ಬರುತ್ತದೆಯೇ, ಮನೆಯವರು ಓಡಾಡಲು ಜಾಗ ಉಳಿಯುತ್ತದೆಯೇ ನೋಡಿ. ದೊಡ್ಡ ತಿರುವು ಹಿಡಿಯದೆ, ಉದ್ದ ಗಾಡಿಯ ಆಸೆಯೂ ಬಿಡದಿದ್ದರೆ ಎನ್. ಗೋಡೆ ಉದ್ದಕ್ಕೂ ಬೀದರ್ ಡೆಮು ಸಾಕು ಅಂದರೆ ಎಚ್‌ಓ. ಮೊದಲ ಕಂತಿನಲ್ಲಿ ಒಂದು ಇಂಜಿನ್, ಮೂರು ಬೋಗಿ, ಕಂಟ್ರೋಲರ್, ಒಂದಿಷ್ಟು ಹಳಿ ಮಾತ್ರ ತರಿಸಿ. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್, ಸಿಗ್ನಲ್, ಸ್ಟೇಷನ್ ಕಟ್ಟಡ ಎಲ್ಲ ಒಂದು ಬೇಸಿಗೆ ಕಳೆದ ಮೇಲೆ.